ಅಜ್ಜಯ್ಯ ಬರೆದ ಎರಡು ತೀರ್ಪುಗಳು

ಫೋನು ಬಂದಾಗ ನಾನು ಬೈಂದೂರಿನ ನಮ್ಮ ಮನೆಯ ಚಾವಡಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಅಜ್ಜಯ್ಯನ ಕಾದಂಬರಿಯ ಕೊನೆಯ ಕರಡು ನೋಡುತ್ತಿದ್ದೆ. ಗೊತ್ತಿಲ್ಲದ ನಂಬರು. ಗ್ಯಾಸಿನವನಿರಬೇಕು ಎಂದುಕೊಂಡು ಎತ್ತಿದೆ.

"ಹ್ವಾಯ್, ಟೀಚರಾ ಮಾತಾಡುದ್?" ವಯಸ್ಸಾದ ಹೆಂಗಸಿನ ದನಿ. ಹಿಂದೆ ಗಾಳಿಯ ಸದ್ದು.

"ಹೌದು, ಯಾರು?"

"ನಾ ಕೋಡಿಯಿಂದ. ನಿಮ್ಗ್ ನನ್ ಗುರ್ತ ಇಲ್ಲ. ನಿಮ್ ಅಜ್ಜಯ್ಯನ್ ಗುರ್ತ ನಮ್ಮನಿಯರಿಗ್ ಇತ್ತ್. ಅವ್ರ ಪುಸ್ತ್ಕ ಮತ್ತ್ ಪ್ರಿಂಟ್ ಮಾಡ್ತ್ರಿ ಅಂಬ್ರಲ್ಲೆ?"

ನನಗೆ ಖುಷಿಯೇ ಆಯಿತು. ಎಷ್ಟು ಪ್ರತಿ ಬೇಕು ಎಂದು ಕೇಳಲು ಹೊರಟಿದ್ದೆ. ಅಷ್ಟರಲ್ಲಿ ಅವರು ಹೇಳಿದರು: "ಆ ಕಥಿಯಗೆ ಇಪ್ಪ ಹೆಂಗ್ಸ್ ನಮ್ಮಜ್ಜಿ. ಪ್ರಿಂಟ್ ಮಾಡ್ಬೇಡಿ." ಅಷ್ಟೇ ಹೇಳಿ ಫೋನಿಟ್ಟರು.

ಅಜ್ಜಯ್ಯ ಎಂದರೆ ನನ್ನ ಅಮ್ಮನ ಅಪ್ಪ. ಬ್ರಿಟಿಷರ ಕಾಲದಲ್ಲಿ ಕುಂದಾಪುರದಿಂದ ನಾಲ್ಕು ಪುಟದ ವಾರಪತ್ರಿಕೆ ನಡೆಸಿದವರು. ಸಂಪಾದಕರು ಅವರೇ, ವರದಿಗಾರರೂ ಅವರೇ; ಕೆಲವು ವಾರ ಅಚ್ಚಿನ ಮೊಳೆ ಜೋಡಿಸುವವರೂ ಅವರೇ. ಹೆಂಡದಂಗಡಿಯ ಮುಂದೆ ನಡೆದ ಪಿಕೆಟಿಂಗಿನ ಸುದ್ದಿ ಬರೆದದ್ದಕ್ಕೆ ಪ್ರೆಸ್ಸಿಗೆ ಬೀಗ ಬಿದ್ದ ಕಥೆಯನ್ನು ನಮ್ಮ ಮನೆಯಲ್ಲಿ ಮದುವೆ ಮುಂಜಿಗಳಲ್ಲೆಲ್ಲ ಹೇಳುತ್ತಿದ್ದರು. ಜಿಲ್ಲೆಯಲ್ಲಿ ಅವರ ಹೆಸರು ಉಳಿದದ್ದು ಮಾತ್ರ ಸುದ್ದಿಯಿಂದಲ್ಲ, ಕಾದಂಬರಿಗಳಿಂದ. ಕೊಲೆ, ಗುಟ್ಟು, ಓಡಿಹೋಗುವುದು, ಕೊನೆಗೆ ಪೊಲೀಸು. ವಾರಕ್ಕೊಂದು ಕಂತು. ಕಂತು ಮುಗಿದ ಮೇಲೆ ತೆಳುವಾದ ಪುಸ್ತಕ. ಲಾಂಚು ಕಾಯುವ ಕಡೆ, ಬಸ್ಸು ನಿಲ್ಲುವ ಕಡೆ ಅವು ಮಾರಾಟವಾಗುತ್ತಿದ್ದವಂತೆ. ಓದು ಬಂದವರು ಒಬ್ಬರಾದರೆ ಸುತ್ತ ಕೂತು ಕೇಳುವವರು ಹತ್ತು ಜನ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಿದ್ದು ಕುಂದಾಪುರದ ಪಕ್ಕದ ಕೋಡಿಯ ಮೀನು ಮಾರುವ ಹೆಂಗಸೊಬ್ಬಳು ಗಂಡನನ್ನು ಅಳಿವೆಯಲ್ಲಿ ಕೊಲ್ಲುವ ಕಥೆ. ಆ ಕಾದಂಬರಿಯ ಹೆಸರನ್ನಾಗಲಿ, ನಾಯಕಿಯ ಹೆಸರನ್ನಾಗಲಿ ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ನನಗೆ ನೆನಪಿರುವ ಅಜ್ಜಯ್ಯ ಕಣ್ಣು ಮಂಜಾದ ಮುದುಕ. ನನಗಾಗ ಹತ್ತು ವರ್ಷವಿರಬೇಕು. ಮಧ್ಯಾಹ್ನ ಊಟವಾದ ಮೇಲೆ ಅವರಿಗೆ ಪೇಪರ್ ಓದಿ ಹೇಳುವುದು ನನ್ನ ಕೆಲಸ. ಓದುತ್ತ ಓದುತ್ತ 'ಘೋರ ಅಪಘಾತ' ಎಂದರೆ ತಡೆಯುತ್ತಿದ್ದರು. "ಘೋರ ಅಂದೇಳಿ ಅಳ್ದ್ ಕಂಡದ್ ಯಾರ್? ಎಷ್ಟ್ ಜನ ಇದ್ದಿರ್, ಎಷ್ಟ್ ಜನ ಸತ್ರ್, ಅಷ್ಟ್ ಹೇಳ್ರೆ ಸಾಕ್" ಎನ್ನುತ್ತಿದ್ದರು. ಸುದ್ದಿಯಲ್ಲಿ 'ಪಾಪ' ಎಂಬ ಪದ ಬಂದರೂ ಅವರಿಗೆ ಸಿಟ್ಟು. ನಾನು ಮುಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದಾಗ ಮಕ್ಕಳ ಪ್ರಬಂಧದಲ್ಲಿ ಇಂಥ ಪದ ಕಂಡರೆ ಕೆಂಪು ಗೆರೆ ಎಳೆಯುತ್ತಿದ್ದದ್ದು ಅವರಿಂದ ಬಂದ ಅಭ್ಯಾಸ.

ಒಮ್ಮೆ ಆ ಕಾದಂಬರಿಯನ್ನು ಅಮ್ಮನ ಪೆಟ್ಟಿಗೆಯಿಂದ ಕದ್ದು ಓದಿ ಅವರನ್ನು ಕೇಳಿದ್ದೆ: "ಅಜ್ಜಯ್ಯ, ಅವ್ಳ್ ಗಂಡನ್ನ ಎಂತಕ್ಕೆ ಕೊಂದದ್?"

ಅವರು, "ಕೊಲ್ದಿರೆ ಮುಂದಿನ ವಾರ ಯಾರ್ ಓದ್ತ್ರ್ ಮಗಾ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲವೆಂಬುದು ನನಗೆ ಹೊಳೆದದ್ದು ಕೋಡಿಯ ಫೋನು ಬಂದ ಮೇಲೆ.

ಪುಸ್ತಕ ಮತ್ತೆ ಅಚ್ಚು ಹಾಕುವ ಯೋಚನೆ ನನ್ನದಲ್ಲ. ಬ್ರಹ್ಮಾವರದಲ್ಲಿ ಕಾಲೇಜು ಅಧ್ಯಾಪಕರೊಬ್ಬರು ಸಣ್ಣ ಪ್ರಕಾಶನ ನಡೆಸುತ್ತಾರೆ. ಅಜ್ಜಯ್ಯನ ಬಗ್ಗೆ ಒಂದು ಕಾರ್ಯಕ್ರಮ, ಅದರಲ್ಲಿ ನನ್ನ ಭಾಷಣ, ಅಲ್ಲೇ ಪುಸ್ತಕ ಬಿಡುಗಡೆ ಎಂದು ಅವರು ಹೇಳಿದಾಗ ನಾನು ಒಂದು ಕ್ಷಣವೂ ಯೋಚಿಸದೆ ಒಪ್ಪಿದ್ದೆ. ನಿವೃತ್ತಿಯಾಗಿ ಆರು ವರ್ಷ. ಸಮಯ ಬೇಕಾದಷ್ಟಿತ್ತು. ಅಮ್ಮ ಬಿಟ್ಟುಹೋದ ಒಂದೇ ಒಂದು ಪ್ರತಿಯನ್ನು ಮುಂದಿಟ್ಟುಕೊಂಡು ಮೂರು ತಿಂಗಳು ನಾನೇ ಟೈಪು ಮಾಡಿದೆ. ಪ್ರಕಾಶಕರು ಬುಟ್ಟಿ ಹೊತ್ತ ಹೆಂಗಸಿನ ಚಿತ್ರ ಬರೆಸಿ ಮುಖಪುಟ ಮಾಡಿಸಿ ವಾಟ್ಸಾಪಿನಲ್ಲಿ ಹಾಕಿದ್ದರು. ಕೋಡಿಯವರಿಗೆ ಗೊತ್ತಾದದ್ದು ಹಾಗೆ.

ಫೋನು ಬಂದ ಮೇಲೆ ನಾಲ್ಕು ದಿನ ನಾನು ಏನೂ ಮಾಡಲಿಲ್ಲ. ಯಾರೋ ತಮ್ಮ ಅಜ್ಜಿಯನ್ನು ಕಥೆಯಲ್ಲಿ ಕಂಡಿದ್ದಾರೆ, ಕಥೆ ಅಂದಮೇಲೆ ಎಲ್ಲರಿಗೂ ಯಾರದೋ ಹೋಲಿಕೆ ಕಾಣುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಫೋನು ಸದ್ದಾದಾಗಲೆಲ್ಲ ಕೋಡಿಯ ನಂಬರೇ ಎಂದು ನೋಡುತ್ತಿದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಬೆಳಗಿನ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಮಧ್ಯಾಹ್ನ ನೆನಪಾಗುತ್ತಿರಲಿಲ್ಲ. ನಮ್ಮ ಯಜಮಾನರು ನೋಡಿ ನೋಡಿ ಸಾಕಾಗಿ, "ಒಂದ್ಸಲ ಹೋಯ್ ಮಾತಾಡ್ಕಂಡ್ ಬಾ ಮರಾಯ್ತಿ. ಇಲ್ಲ್ ಕೂಕಂಡ್ ಎಂತ ಮಾಡ್ತೆ?" ಎಂದರು.

ಹೋಗುವ ಧೈರ್ಯ ಬಂದದ್ದು ಐದನೇ ದಿನ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಮರವಂತೆಯಲ್ಲಿ ಕಡಲು ಕಲ್ಲಿನ ರಾಶಿಗೆ ಅಪ್ಪಳಿಸಿ ರಸ್ತೆಯವರೆಗೂ ಹನಿ ಹಾರಿಸುತ್ತಿತ್ತು. ಬೇರೆ ದಿನವಾದರೆ ನೋಡುತ್ತಿದ್ದೆ. ಅವತ್ತು ಬ್ಯಾಗಿನ ಜಿಪ್ಪು ಎಳೆಯುವುದು, ಹಾಕುವುದು, ಇಷ್ಟೇ ಮಾಡಿದೆ. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. 'ಅದು ಕೇವಲ ಕಲ್ಪನೆ' ಎನ್ನುವ ವಾಕ್ಯವನ್ನು ಎಷ್ಟು ಬಗೆಯಲ್ಲಿ ಹೇಳಿ ನೋಡಿದರೂ ನನಗೇ ಸರಿಯೆನಿಸಲಿಲ್ಲ.

ಕುಂದಾಪುರದಲ್ಲಿ ಇಳಿದು ಆಟೋ ಹತ್ತಿದೆ. ಕೋಡಿಯ ಬಳಿ ಬಂದಾಗ ಡ್ರೈವರು ಯಾರ ಮನೆ ಎಂದು ಕೇಳಿದ. ಫೋನಿನಲ್ಲಿ ಮತ್ತೆ ವಿಚಾರಿಸಿ ಪಡೆದಿದ್ದ ಗುರುತು ಹೇಳಿದೆ. ಒಣಮೀನಿನ ಶೆಡ್ಡು, ಪಕ್ಕದಲ್ಲಿ ನೀಲಿ ಗೇಟು.

"ಓ, ಅವ್ರ ಮನಿಯಾ! ಹಾಂಗ್ ಹೇಳಿ ಕಾಂಬ" ಎಂದು ಅವನು ಒಂದು ಹೆಸರು ಹೇಳಿದ. ಅದು ಕಾದಂಬರಿಯ ನಾಯಕಿಯ ಹೆಸರು.

"ಆ ಹೆಸರು ಯಾಕೆ ಬಂತು?" ಎಂದು ಕೇಳಿದೆ.

"ನಂಗೊತ್ತಿಲ್ಲೆ ಅಮ್ಮ. ಎಲ್ಲ ಹಾಂಗೇ ಹೇಳುದ್. ಹಿಂದಿನವ್ರ್ ಯಾರೋ ಇದ್ದಿರ್ ಕಾಂತ್" ಎಂದ. ಅವನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಅಜ್ಜಯ್ಯನ ಪುಸ್ತಕವನ್ನು ಅವನು ಕಣ್ಣಲ್ಲಿ ಕಂಡವನಲ್ಲ. ನನಗೆ ಇಳಿದು ವಾಪಸು ಹೋಗಿಬಿಡೋಣ ಅನಿಸಿತು. ಅಷ್ಟರಲ್ಲಿ ನೀಲಿ ಗೇಟು ಬಂದಿತ್ತು.

ಅವರು ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಗಟ್ಟಿ ಆಳು. ಮೊನ್ನೆಮೊನ್ನೆಯವರೆಗೂ ಒಣಮೀನಿನ ವ್ಯಾಪಾರವನ್ನು ಒಬ್ಬರೇ ನೋಡಿಕೊಂಡಿದ್ದವರು, ಈಗ ಮೊಮ್ಮಗಳಿಗೆ ಬಿಟ್ಟಿದ್ದಾರೆ. "ಬನ್ನಿ ಟೀಚರೇ, ಕೂಕಣಿ. ಆಸ್ರಿಗ್ ಎಂತ ಕೊಡ್ಲಿ?" ಎಂದರು. ಬೈಸಿಕೊಳ್ಳಲು ಸಿದ್ಧಳಾಗಿ ಹೋದವಳಿಗೆ ಈ ಉಪಚಾರದಿಂದ ಇನ್ನಷ್ಟು ಗಾಬರಿಯಾಯಿತು. ಬೆಲ್ಲ, ನೀರು ತಂದಿಟ್ಟು ಎದುರು ಕೂತರು.

ನಾನು ಬಸ್ಸಿನಲ್ಲಿ ತಯಾರು ಮಾಡಿದ ಮಾತು ಹೇಳಲು ಹೊರಟೆ. "ಅಕ್ಕಾ, ಅದು ಕಥೆ..."

"ಕಥಿಯೇ. ನಾ ಇಲ್ಲ ಅಂದ್ನಾ?" ಎಂದು ಅವರು ನಡೆದದ್ದನ್ನು ಹೇಳಿದರು.

ಅವರ ಅಜ್ಜಿ, ಅಜ್ಜ ಇಬ್ಬರೂ ಒಂದು ಸಂಜೆ ಗಂಗೊಳ್ಳಿಯಿಂದ ಸಣ್ಣ ದೋಣಿಯಲ್ಲಿ ಮರಳುತ್ತಿದ್ದರು. ನದಿ ಕಡಲಿಗೆ ಸೇರುವ ಅಳಿವೆಯ ಬಾಯಲ್ಲಿ ದೋಣಿ ಮಗುಚಿತು. ಅಜ್ಜಿ ದೋಣಿಯ ಹುಟ್ಟು ಹಿಡಿದುಕೊಂಡು ದಡ ಸೇರಿದಳು. ಅಜ್ಜನ ಹೆಣ ಮಾರನೆಯ ದಿನ ಸಿಕ್ಕಿತು, ತಲೆಯಲ್ಲಿ ಗಾಯ. ಗಂಡ ಹೆಂಡತಿಗೆ ಜಗಳವಿತ್ತು ಎಂದು ಮೈದುನ ದೂರು ಕೊಟ್ಟ. ಪೊಲೀಸರು ಬಂದರು. ಅಜ್ಜಿಯನ್ನು ಮಂಗಳೂರಿನ ಜೈಲಿಗೆ ಒಯ್ದರು. ಕಂಕುಳಲ್ಲಿ ಮೊಲೆಯುಣ್ಣುವ ಮಗು. ಆ ಮಗುವೇ ನನ್ನೆದುರು ಕೂತಿದ್ದವರ ತಾಯಿ. ಎಷ್ಟೋ ತಿಂಗಳ ಮೇಲೆ ಕೋರ್ಟು ಅಜ್ಜಿಯದು ತಪ್ಪಿಲ್ಲವೆಂದು ಬಿಟ್ಟಿತು.

"ಕೋರ್ಟ್ ಬಿಟ್ಟಿತ್. ಜನ ಬಿಡ್ಲಿಲ್ಲ" ಎಂದರು. "ನಿಮ್ಮಜ್ಜಯ್ಯ ಹೆಸ್ರ್ ಬದ್ಲ್ ಮಾಡಿ ಬರ್ದ್ರ್. ಆರೆ ಅಜ್ಜಿಯ ಎಡಗೈ ಮೇಲಿನ ಸುಟ್ಟ ಕಲೆ ಬರ್ದ್ರ್, ಕೋಡಿ ಬರ್ದ್ರ್, ಹುಟ್ಟ್ ಬರ್ದ್ರ್. ಕಥಿಯಗೆ ಅದೇ ಹುಟ್ಟಂಗೆ ಗಂಡನ್ ತಲಿಗ್ ಹೊಡಿತ್ಲ್ ಅಲ್ದಾ? ಅಜ್ಜಿ ಬುಟ್ಟಿ ಹೊತ್ಕಂಡ್ ಪ್ಯಾಟಿಗ್ ಹೋರೆ ಹಿಂದಿಂದ ಆ ಹೆಸ್ರ್ ಹಿಡ್ದ್ ಕೂಗ್ತಿದ್ರಂಬ್ರ್. ಸಾಯುವರಿಗೂ ಅವ್ಳಿಗ್ ಅದೇ ಹೆಸ್ರ್. ನಮ್ಮಬ್ಬಿಗ್ ಮೂರ್ ಸಂಬಂಧ ತಪ್ಪಿತ್. ಕೊಂದವ್ಳ ಮಗ್ಳ್ ಅಂದೇಳಿ."

"ನೀವು ಪುಸ್ತಕ ಓದಿದ್ದೀರಾ?" ಎಂದು ಕೇಳಿದೆ. ಕೇಳಬಾರದಿತ್ತು ಎಂದು ಕೂಡಲೇ ಅನಿಸಿತು.

"ನಮ್ಮನಿ ಒಳ್ಗ್ ಅದ್ ಬರ್ಲಿಲ್ಲ. ನಂಗ್ ಓದುಕೂ ಬತ್ತಿಲ್ಲೆ. ಊರವ್ರ್ ಹೇಳ್ದ್ ಕೇಂಡದ್ದೇ."

ಅಜ್ಜಯ್ಯ ಪತ್ರಕರ್ತರು, ಆ ಕೇಸಿನ ನಿಜವಾದ ವರದಿಯನ್ನೂ ಬರೆದಿರುತ್ತಾರೆ, ಹುಡುಕಿ ತರುತ್ತೇನೆ ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆ ಶುರುವಾಯಿತು. ಬರೆದಿರದಿದ್ದರೆ? ಬರೆದೂ ಅವಳನ್ನೇ ತಪ್ಪಿತಸ್ಥೆ ಎಂದಿದ್ದರೆ? ಆ ಪತ್ರಿಕೆಯ ಒಂದು ಸಂಚಿಕೆಯೂ ನಮ್ಮ ಮನೆಯಲ್ಲಿ ಉಳಿದಿರಲಿಲ್ಲ.

ಮುಂದಿನ ಮೂರು ವಾರ ನಾನು ತಿರುಗದ ಊರಿಲ್ಲ. ಹಳೆ ಗ್ರಂಥಾಲಯಗಳಲ್ಲಿ ಕೇಳಿದೆ, ಹಳೆ ಮನೆಗಳ ಅಟ್ಟ ಹತ್ತಿಸಿದೆ. ಎಲ್ಲ ಕಡೆ ಒಂದೇ ಉತ್ತರ, ಗೆದ್ದಲು ತಿಂದಿತು, ಇಲ್ಲವೇ ಒಲೆಗೆ ಹೋಯಿತು. ಕಾರ್ಯಕ್ರಮದ ದಿನ ಹತ್ತಿರ ಬರುತ್ತಿತ್ತು. ಪ್ರಕಾಶಕರು ದಿನಕ್ಕೊಂದು ಮೆಸೇಜು ಹಾಕುತ್ತಿದ್ದರು, ಕರಡು ಮುಗಿಯಿತೇ ಮೇಡಂ ಎಂದು. ನಾನು ಕಣ್ಣು ನೋವು ಎಂದು ಸುಳ್ಳು ಹೇಳಿ ದಿನ ತಳ್ಳಿದೆ.

ಕೊನೆಗೆ ದಾರಿ ತೋರಿದ್ದು ಬಸ್ರೂರಿನ ಒಬ್ಬ ನಿವೃತ್ತ ವಕೀಲರು. ಅವರ ಅಜ್ಜನೂ ವಕೀಲರು. ಅಜ್ಜಯ್ಯನ ಪತ್ರಿಕೆಯಲ್ಲಿ ಕೋರ್ಟಿನ ಏಲಂ ನೋಟಿಸುಗಳು ಅಚ್ಚಾಗುತ್ತಿದ್ದವಂತೆ, ಅದಕ್ಕಾಗಿ ವರ್ಷವರ್ಷದ ಸಂಚಿಕೆಗಳನ್ನು ದಾರದಲ್ಲಿ ಹೊಲಿಸಿ ಇಟ್ಟಿದ್ದರು. "ಕಾದಂಬರಿ ಕಂತ್ ಎಲ್ಲ ನಮ್ಮನಿ ಹೆಂಗಸ್ರ್ ಕತ್ತರ್ಸಿ ತಗಂಡಿರ್. ಸುದ್ದಿ ಯಾರಿಗೂ ಬ್ಯಾಡಾಯ್ತ್, ಹಾಂಗಾಯಿ ಉಳ್ಕಂತ್" ಎಂದು ನಗುತ್ತ ಕಟ್ಟು ಇಳಿಸಿಕೊಟ್ಟರು. ಹಾಳೆ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಅವರ ಮನೆಯ ಜಗಲಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೊಂದೇ ಪುಟ ಮಗುಚಿದೆ. ಬೆವರು ಹಾಳೆಗೆ ಬೀಳದಿರಲೆಂದು ಸೆರಗಿನಿಂದ ಮತ್ತೆ ಮತ್ತೆ ಕೈ ಒರೆಸಿಕೊಳ್ಳುತ್ತಿದ್ದೆ.

ಮೂರು ವರದಿ ಸಿಕ್ಕವು. ಅಜ್ಜಯ್ಯ ಹೊಳೆ ಮೇಲೆ ಹೊಳೆ ದಾಟಿ ಮಂಗಳೂರಿಗೆ ಹೋಗಿ ವಿಚಾರಣೆಯಲ್ಲಿ ಕೂತು ಬರೆದವು. ಮೊದಲನೆಯದರಲ್ಲಿ ಮೈದುನನ ಹೇಳಿಕೆ. ಎರಡನೆಯದರಲ್ಲಿ ಗಾಯ ದೋಣಿಯ ಅಂಚು ತಗಲಿ ಆದದ್ದೆಂದು ಡಾಕ್ಟರು ಹೇಳಿದ ಸಾಕ್ಷ್ಯ. ಮೂರನೆಯದು ತೀರ್ಪು. ಆಪಾದಿತಳು ನಿರ್ದೋಷಿ, ಬಿಡುಗಡೆಯಾಗಿದೆ, ಮಗುವಿನೊಂದಿಗೆ ಊರಿಗೆ ಮರಳಿದ್ದಾಳೆ. ಘೋರವೆಂದಿಲ್ಲ, ಪಾಪವೆಂದಿಲ್ಲ. ಎಂಥ ಚೊಕ್ಕ ಬರವಣಿಗೆ! ಓದುತ್ತ ಓದುತ್ತ ಮೂರು ವಾರದ ಭಾರ ಇಳಿದಂತಾಯಿತು. ಅಜ್ಜಯ್ಯ ಸತ್ಯವನ್ನೇ ಬರೆದಿದ್ದಾರೆ ಎಂದು ವಕೀಲರಿಗೆ ಹೇಳಿದೆ.

ಹೇಳಿ ಮುಂದಿನ ಸಂಚಿಕೆಗಳನ್ನು ಮಗುಚಿದೆ. ತೀರ್ಪಿನ ಸುದ್ದಿ ಬಂದ ನಾಲ್ಕನೆಯ ವಾರ, ತೀರ್ಪು ಇದ್ದ ಅದೇ ಮೂರನೇ ಪುಟದಲ್ಲಿ, ಕತ್ತರಿಯಿಂದ ಕತ್ತರಿಸಿದ ಚೌಕದ ತೂತು. ಮೇಲೆ ಅರ್ಧ ಉಳಿದಿದ್ದ ಶೀರ್ಷಿಕೆ. ಕಾದಂಬರಿಯ ಮೊದಲ ಕಂತು.

ನಾಲ್ಕು ವಾರ. ಅವಳು ಊರಿಗೆ ಬಂದು ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಅವಳು ಕೊಂದಿಲ್ಲವೆಂದು ಈ ಜಿಲ್ಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದ ಮನುಷ್ಯನೇ ಅವಳ ಕೈಗೆ ಹುಟ್ಟು ಕೊಟ್ಟು ಹೊಡೆಸಿದ. ಅದರ ಮುಂದಿನ ಸಂಚಿಕೆಗಳಲ್ಲಿ ಹೆಚ್ಚು ಪ್ರತಿ ಕೇಳಿದ ಏಜೆಂಟರಿಗೆ ಸಂಪಾದಕರ ವಿನಂತಿ, ದಯವಿಟ್ಟು ತಾಳ್ಮೆಯಿಂದಿರಬೇಕು ಎಂದು. ವಕೀಲರು ಊಟಕ್ಕೆ ಕರೆದರು. ನಾನು ಏಳದೆ ಆ ಮೂರು ವರದಿಗಳನ್ನು ಮತ್ತೊಮ್ಮೆ ತೆರೆದೆ.

ವರದಿಗಳ ಫೋಟೋ ತೆಗೆದುಕೊಂಡು ಮತ್ತೆ ಕೋಡಿಗೆ ಹೋದೆ. ಮೂರನ್ನೂ ಓದಿ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು. ಮಗುವಿನೊಂದಿಗೆ ಮರಳಿದ್ದಾಳೆ ಎಂಬಲ್ಲಿ, "ಅದ್ ಇನ್ನೊಂದ್ ಸಲ ಓದಿ" ಎಂದರು. ಓದಿದೆ.

ನಾನು ಯೋಚಿಸಿಕೊಂಡು ಹೋಗಿದ್ದನ್ನು ಹೇಳಿದೆ. ಕಾದಂಬರಿಯ ಮೊದಲಿಗೆ ಈ ಮೂರು ವರದಿಗಳನ್ನು ಹಾಕುತ್ತೇವೆ, ನಿಜ ಸಂಗತಿ ಇದು ಎಂದು ನಾನೇ ಮುನ್ನುಡಿ ಬರೆಯುತ್ತೇನೆ, ಓದಿದವರಿಗೆಲ್ಲ ಗೊತ್ತಾಗುತ್ತದೆ.

"ಟೀಚರೇ, ನಿಮ್ ಅಜ್ಜಯ್ಯ ಎರಡೂ ಒಂದೇ ಪೇಪರಗೆ ಹಾಕಿರ್ ಅಲ್ದಾ? ಜನ ಯಾವ್ದ್ ಓದ್ರ್?"

ಬಸ್ರೂರಿನ ಆ ಕತ್ತರಿಸಿದ ಪುಟಗಳು ಕಣ್ಣಮುಂದೆ ಬಂದವು.

ಮರುದಿನ ಪ್ರಕಾಶಕರಿಗೆ ಫೋನು ಮಾಡಿ ಕಾದಂಬರಿ ಬೇಡ ಎಂದೆ. ಅವರು ಒಳ್ಳೆಯವರು. ಬಯ್ಯಲಿಲ್ಲ, ಆದರೆ ಬೇಸರ ಮಾಡಿಕೊಂಡರು. "ಮೇಡಂ, ತೊಂಬತ್ತು ವರ್ಷದ ಹಿಂದಿನ ಕಥೆ. ಸಾಹಿತ್ಯ ಚರಿತ್ರೆ ದೃಷ್ಟಿಯಿಂದ ನೋಡಿ. ಹೀಗೆ ಒಬ್ಬೊಬ್ಬರು ಹೇಳಿದಾಗ ನಿಲ್ಸಿದ್ರೆ ಯಾವ ಪುಸ್ತಕ ಉಳೀತದೆ?" ಎಂದರು. ಅವರ ಮಾತು ಪೂರ್ತಿ ತಪ್ಪೆಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಆಟೋದವನ ಬಾಯಲ್ಲಿ ಬಂದ ಹೆಸರನ್ನು ನಾನು ಕೇಳಿದ್ದೆ, ಅವರು ಕೇಳಿರಲಿಲ್ಲ.

ಕಾರ್ಯಕ್ರಮ ನಡೆಯಿತು. ಬ್ರಹ್ಮಾವರದ ಆ ಸಭಾಂಗಣದಲ್ಲಿ ಐವತ್ತು ಜನರಿದ್ದರು. ಬರೆದಿಟ್ಟಿದ್ದ ಭಾಷಣ ಬಿಟ್ಟು, ಅಜ್ಜಯ್ಯನ ಮೂರು ವರದಿಗಳನ್ನು ಓದಿದೆ. ಆಮೇಲೆ ಅದೇ ಕೈ ನಾಲ್ಕು ವಾರ ಕಳೆದು ಏನು ಬರೆಯಿತೆಂದು ಹೇಳಿದೆ. ಹೇಳುವಾಗ ಮೇಜು ಹಿಡಿದುಕೊಂಡಿದ್ದೆ. ನಮ್ಮ ಬಂಧುಗಳು ಮೂವರು ಮುಂದಿನ ಸಾಲಿನಲ್ಲಿದ್ದರು. ಮುಗಿದ ಮೇಲೆ ಅವರು ನನ್ನ ಹತ್ತಿರ ಬರಲಿಲ್ಲ. ಬಂದವರು ಚಾ ಕುಡಿಯುತ್ತ ಕೇಳಿದ್ದು ಒಂದೇ: "ಕಾದಂಬರಿ ಎಲ್ಲಿ ಸಿಕ್ಕತ್ ಮೇಡಂ?"

ಇಷ್ಟಕ್ಕೇ ಮುಗಿಯಿತೆಂದು ನಾನು ಉಸಿರುಬಿಟ್ಟದ್ದು ಹತ್ತು ದಿನ ಮಾತ್ರ. ಹನ್ನೊಂದನೆಯ ದಿನ ಬೆಳಗ್ಗೆ ತಿಂಡಿ ತಿನ್ನುವಾಗ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಪಿಡಿಎಫ್ ಬಂತು. ತೆರೆದು ನೋಡಿದರೆ ಕಾದಂಬರಿ. ನಾನೇ ಟೈಪು ಮಾಡಿದ್ದು. ಏಳನೇ ಪುಟದಲ್ಲಿ ನಾನೇ ಮಾಡಿದ ಒಂದು ಕಾಗುಣಿತದ ತಪ್ಪೂ ಹಾಗೇ ಇತ್ತು. ಕೋಡಿಯ ಫೋನು ಬರುವ ಮೊದಲು, ಕಣ್ತಪ್ಪು ಹುಡುಕಲೆಂದು ನನ್ನ ಒಬ್ಬಳು ಹಳೆ ವಿದ್ಯಾರ್ಥಿನಿಗೆ ಕಳಿಸಿದ್ದೆ. ಅದನ್ನು ಅಳಿಸಿಬಿಡು ಎಂದು ಅವಳಿಗೆ ಹೇಳುವುದು ನನಗೆ ಹೊಳೆದೇ ಇರಲಿಲ್ಲ. ಅವಳು ಅಭಿಮಾನದಿಂದ ಹಂಚಿದ್ದಳು, 'ನಮ್ಮ ಟೀಚರ್ ಅಜ್ಜನ ಅಪರೂಪದ ಕಾದಂಬರಿ, ಎಲ್ಲರೂ ಓದಿ' ಎಂದು.

ಅವಳಿಗೆ ಫೋನು ಮಾಡಿದೆ. ಅವಳು ಅತ್ತಳು, ಅಳಿಸಿದಳು. ಅಷ್ಟರಲ್ಲಿ ಅದು ಎಲ್ಲಿಗೋ ಹೋಗಿತ್ತು. ಮಧ್ಯಾಹ್ನದೊಳಗೆ ನನಗೇ ಬೇರೆ ಎರಡು ಗುಂಪುಗಳಿಂದ ತಿರುಗಿ ಬಂತು. ನಾನು ಹಾಸಿಗೆಯ ಮೇಲೆ ಕೂತು ಫೋನನ್ನು ದಿಂಬಿನಡಿ ಇಟ್ಟೆ. ಅಜ್ಜಯ್ಯನದಾದರೂ ಒಂದು ಸಣ್ಣ ಪತ್ರಿಕೆ, ಕೆಲವು ನೂರು ಪ್ರತಿ. ನಾನು ಮಾಡಿದ್ದಕ್ಕೆ ಲೆಕ್ಕವೇ ಇಲ್ಲ. ಕೋಡಿಯವರಿಗೆ ನಾನೇ ಮೊದಲು ಹೇಳಬೇಕಿತ್ತು. ಎರಡು ದಿನ ಹೇಳಲಿಲ್ಲ. ನಂಬರು ಒತ್ತುವುದು, ರಿಂಗಾಗುವ ಮೊದಲೇ ಕಡಿಯುವುದು.

ಮೂರನೆಯ ದಿನ ಅವರೇ ಫೋನು ಮಾಡಿದರು.

"ಟೀಚರೇ, ನಾಳೆ ಬಪ್ಪುಕಾತ್ತಾ?" ಬೇರೇನೂ ಹೇಳಲಿಲ್ಲ. ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ನೀಲಿ ಗೇಟು ತೆರೆದಾಗ ಅವರು ಶೆಡ್ಡಿನ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಬೆರಳಲ್ಲಿ ಫೋನು ಸರಿಸುತ್ತಿದ್ದಳು. ಬುಟ್ಟಿಗಳಲ್ಲಿ ಒಣಮೀನು, ವಾಸನೆ ಗಾಢವಾಗಿತ್ತು. ನಾನು ಕೂರುವ ಮೊದಲೇ, "ಅಕ್ಕಾ, ತಪ್ಪು ನನ್ನದು. ನನ್ನ ಕೈಯಿಂದಲೇ ಹೋಯ್ತು" ಎಂದೆ.

"ಗೊತ್ತಿತ್. ಈ ಹೆಣ್ಣಿನ ಫೋನಿಗೂ ಬಂತ್" ಎಂದರು. "ಮೂರ್ ದಿನ ಇವ್ಳ್ ಓದ್ಲ್, ನಾ ಕೇಂಡೆ. ಪೂರಾ ಕೇಂಡೆ. ನಂಗ್ ಎಪ್ಪತ್ತೈದ್ ವರ್ಷ ಆಯ್ತ್, ಮೊದ್ಲ್ ಸಲ ಕೇಂಡದ್."

ಮೊಮ್ಮಗಳು ಫೋನನ್ನು ನನ್ನತ್ತ ತಿರುಗಿಸಿ ಕಾದಂಬರಿಯ ಕೊನೆಯ ಪುಟ ತೋರಿಸಿದಳು.

"ಕೊಂದದ್ ಸುಳ್ಳ್. ಕಥಿಯಗೆ ಆ ಲಾಂಚಿನ ಗುಮಾಸ್ತನೊಟ್ಟಿಗ್ ಓಡಿ ಹೋದದ್ ಸುಳ್ಳ್. ಬರ್ದವ್ರ್ ಇದ್ದಿರೆ ನಾ ಸುಮ್ನೆ ಬಿಡ್ತಿರ್ಲಿಲ್ಲ" ಎಂದರು. ಆಮೇಲೆ ದನಿ ಸ್ವಲ್ಪ ಇಳಿಯಿತು. "ಆರೆ ಅವ್ಳ್ ಮಾತಾಡುದಿತ್ತಲ್ಲ, ಟೀಚರೇ, ಅದ್ ನಮ್ಮಜ್ಜಿದೇ. ಮೀನ್ ಕೊಂಬುಕ್ ಬಂದವ್ರಿಗ್ ಅವ್ಳ್ ಕೊಡು ಜವಾಬ್, ಸಿಟ್ಟ್ ಬಂದ್ರೆ ಹೇಳು ಮಾತ್, ಒಂದೂ ತಪ್ಪಿಲ್ಲ. ಇದೆಲ್ಲ ಬರಿಯೂಕಾರೆ ನಿಮ್ಮಜ್ಜಯ್ಯ ಅವ್ಳ ಹತ್ರ ಕೂಕಂಡ್ ಕೇಂಡಿರ್ಕ್. ಈ ಹೆಣ್ಣ್ ಓದುವತಿಗೆ ನಂಗ್ ಅಜ್ಜಿ ಒಳ್ಗಿಂದ ಮಾತಾಡ್ದಂಗ್ ಆಯ್ತ್."

ಅವರ ಕಣ್ಣು ತುಂಬಿತ್ತು. ದುಃಖವೋ ಸಿಟ್ಟೋ ನಾನು ಕೇಳಲಿಲ್ಲ. ಅವರ ಅಜ್ಜಿ ನನ್ನ ಅಜ್ಜಯ್ಯನನ್ನು ನಂಬಿ ಜಗಲಿಯಲ್ಲಿ ಕೂರಿಸಿ ತನ್ನ ಸಂಗತಿಯನ್ನೆಲ್ಲ ಹೇಳಿರಬೇಕು, ನಾನು ಮೊದಲ ದಿನ ಬಂದಾಗ ಇವರು ಬೆಲ್ಲ ನೀರು ಕೊಟ್ಟ ಹಾಗೆ ಅವರಿಗೂ ಕೊಟ್ಟಿರಬೇಕು ಎಂದು ಯೋಚಿಸಿ ನನಗೆ ಅಲ್ಲಿ ಕೂರಲೇ ಕಷ್ಟವಾಯಿತು. ಕ್ಷಮಿಸಿ ಎಂದು ಇನ್ನೊಮ್ಮೆ ಹೇಳಿದೆ.

"ಕರ್ದದ್ ಅದ್ಕಲ್ಲ" ಎಂದರು. "ಕೋರ್ಟಿನ ಸುದ್ದಿ ಫೋಟೋ ನಿಮ್ಮತ್ರ ಇತ್ತಲ್ಲ, ಇವ್ಳಿಗ್ ಕಳ್ಸಿ. ಕಥಿ ಎಲ್ಲೆಲ್ಲ್ ಹೋಯ್ತೋ ಅಲ್ಲೆಲ್ಲ ಅದೂ ಹೋಯ್ಕ್."

ಕಳಿಸಿದೆ. ಹಳೆ ಅಚ್ಚು ಓದಲು ಕಷ್ಟವಾಗಬಹುದೆಂದು ಮೊಮ್ಮಗಳು ತೀರ್ಪಿನ ವರದಿಯನ್ನು ಅಲ್ಲೇ ಕೂತು ದೊಡ್ಡಕ್ಷರದಲ್ಲಿ ಟೈಪು ಮಾಡಿದಳು. ನಾನು ಪಕ್ಕದಲ್ಲಿ ಕೂತು ಒತ್ತಕ್ಷರ ಹೇಳಿಕೊಟ್ಟೆ. ಮೀನು ವ್ಯಾಪಾರಿಗಳ ಗುಂಪು, ಶಾಲೆಯ ಗುಂಪು, ಮುಂಬೈಯಲ್ಲಿರುವ ಊರವರ ಗುಂಪು, ನನ್ನ ಹಳೆ ವಿದ್ಯಾರ್ಥಿಗಳ ಗುಂಪು, ಪಿಡಿಎಫ್ ಕಂಡಲ್ಲೆಲ್ಲ ಇಬ್ಬರೂ ಹಾಕಿದೆವು. ಕೆಲವರು ಕೈ ಮುಗಿಯುವ ಚಿತ್ರ ಹಾಕಿದರು. ಹೆಚ್ಚಿನವರು ಏನೂ ಹೇಳಲಿಲ್ಲ. ಅರ್ಧ ಗಂಟೆ ಕಳೆದು ಮುಂಬೈ ಗುಂಪಿನಿಂದ ಒಂದು ಪ್ರಶ್ನೆ ಬಂತು. ಮೊಮ್ಮಗಳು ಜೋರಾಗಿ ಓದಿದಳು: "ಹಾಂಗಾರೆ ಗಂಡನ್ನ ಕೊಂದದ್ ಯಾರ್?"

ನನಗೆ ಸಿಟ್ಟು ಬಂತು. ಫೋನು ಆಫ್ ಮಾಡು ಎನ್ನಲು ಹೊರಟೆ. ಅವರು ತಡೆದರು. ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: "ಯಾರೂ ಕೊಲ್ಲಲಿಲ್ಲ, ದೋಣಿ ಮಗ್ಚಿತ್ ಅಂದೇಳಿ ಬರಿ. ಮತ್ತ್ ಕೇಂಡ್ರೆ ಮತ್ತೂ ಬರಿ."

ಮೊಮ್ಮಗಳು ಬರೆದು ಕಳಿಸಿದಳು. ನಾನು ಕತ್ತಲಾಗುವ ಮೊದಲಿನ ಬಸ್ಸು ಹಿಡಿಯಬೇಕಿತ್ತು. ಹೊರಡುತ್ತೇನೆ ಎಂದು ಎದ್ದೆ. ಅವರು ಒಂದು ಪೊಟ್ಟಣ ಒಣಸೀಗಡಿ ಕಟ್ಟಿಕೊಟ್ಟು, ಮುಂದಿನ ವಾರ ಬಂದು ಮೂರು ವರದಿಗಳನ್ನೂ ತಮ್ಮ ತಂಗಿಯರ ಮನೆಯವರಿಗೆ ಓದಿ ಹೇಳಬೇಕೆಂದರು. ಬರುತ್ತೇನೆ ಎಂದೆ. ಬಸ್ಸಿನಲ್ಲಿ ಕೂತ ಮೇಲೂ ಫೋನು ತೆಗೆದು ತೆಗೆದು ನೋಡುತ್ತಿದ್ದೆ, ಮುಂಬೈ ಗುಂಪಿನವರು ಮತ್ತೆ ಏನಾದರೂ ಕೇಳಿದ್ದಾರೆಯೇ ಎಂದು ಮೊಮ್ಮಗಳಿಗೆ ಮೆಸೇಜು ಹಾಕಿದೆ. ಬೈಂದೂರು ತಲುಪುವ ಹೊತ್ತಿಗೆ ಅವಳ ಉತ್ತರ ಬಂತು, ಇಬ್ಬರು ಕೇಳಿದರು, ಇಬ್ಬರಿಗೂ ಬರೆದಿದ್ದೇನೆ ಎಂದು.